ಪಕ್ಕದ ಒಲೆ, ಹದದ ಹೊಗೆ



ಕಳೆದ ವರ್ಷ ನಮ್ಮ ಚರ್ಚ್‌ನ ವಾರ್ಷಿಕ ಹಬ್ಬಕ್ಕೆ ಇನ್ನು ಮೂರು ವಾರ ಇದೆ ಎನ್ನುವಾಗ, ಕೊಲ್ಲಿಯಿಂದ ರಜೆಗೆ ಬಂದಿದ್ದ ನಮ್ಮ ಧರ್ಮಕೇಂದ್ರದ ಯುವಕನೊಬ್ಬ ಒಂದು ಕಬ್ಬಿಣದ ಡ್ರಮ್ಮನ್ನು ಪಿಕಪ್ಪಿನಲ್ಲಿ ಹೇರಿಕೊಂಡು ನಮ್ಮ ಅಂಗಳಕ್ಕೆ ಬಂದ. ಗುಜರಿ ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕಿತಂತೆ. ಅದನ್ನು ಅಡ್ಡ ಮಲಗಿಸಿ, ಪಕ್ಕದಲ್ಲಿ ಒಂದು ಒಲೆ ಜೋಡಿಸಿ, ಅಮೆರಿಕದ ಟೆಕ್ಸಸ್‌ನವರು ಮಾಂಸ ಬೇಯಿಸುವ 'ಆಫ್‌ಸೆಟ್ ಸ್ಮೋಕರ್' ಮಾಡುವುದು ಅವನ ಆಸೆ. "ಫಾದರ್, ಈ ಸಲ ಹಬ್ಬದ ಹಂದಿಮಾಂಸ ಇದರಲ್ಲೇ" ಎಂದ. ನಮಗೂ ಉತ್ಸಾಹವೇ.

ಅಷ್ಟರಲ್ಲಿ ಪಕ್ಕದ ಅಡಿಕೆ ತೋಟದ ಹಿರಿಯರೊಬ್ಬರು ಬಂದರು. ಡ್ರಮ್ಮಿನ ಬಾಯಿಯ ಹತ್ತಿರ ಬಗ್ಗಿ ಮೂಸಿ ನೋಡಿದರು, ಹಿಂದೆ ಸರಿದರು. "ಫಾದರ್, ಇದರಲ್ಲಿ ಮೊದಲು ಎಂತ ಇತ್ತು ಅಂತ ಗೊತ್ತುಂಟಾ?" ಎಂದು ಕೇಳಿದರು. ನಮಗೆ ಗೊತ್ತಿರಲಿಲ್ಲ, ಹುಡುಗನಿಗೂ ಗೊತ್ತಿರಲಿಲ್ಲ. ಫೋನ್ ಮಾಡಿ ಕೇಳಿದರೆ ಗುಜರಿಯವನಿಗೂ ಗೊತ್ತಿಲ್ಲ. "ತೊಳೆದರೆ ಹೋಗ್ತದೆ ಅಂಕಲ್" ಎಂದ ಹುಡುಗ. ಹಿರಿಯರು ಶಾಂತವಾಗಿಯೇ ಹೇಳಿದರು: "ತೊಳೆದರೆ ಹೋಗುವುದಾದರೆ ಎಣ್ಮಕಜೆಯಿಂದ ಯಾವಾಗಲೋ ಹೋಗಬೇಕಿತ್ತು ಮಗಾ."

ಆ ಮಾತಿಗೆ ನಮ್ಮ ಊರಿನಲ್ಲಿ ವಿವರಣೆ ಬೇಡ. 1970ರ ದಶಕದ ಕೊನೆಯಿಂದ 2000ದವರೆಗೆ ಕಾಸರಗೋಡಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಾದ್ಯಂತ ನಿಷೇಧಿಸಿತು. ಆದರೆ ಅದರ ನೋವನ್ನು ಹೊತ್ತ ಮನೆಗಳು ಇಂದಿಗೂ ನಮ್ಮ ನೆರೆಯಲ್ಲಿವೆ. ಕಣ್ಣಿಗೆ ಕಾಣದ್ದು ಇಲ್ಲವೆಂದು ತಿಳಿಯುವ ತಪ್ಪನ್ನು ನಾವು ಎರಡನೇ ಸಲ ಮಾಡಬಾರದು. ಡ್ರಮ್ಮು ಅದೇ ಸಂಜೆ ವಾಪಸು ಹೋಯಿತು.

ಆದರೆ ಹುಡುಗನ ಆಸೆಯನ್ನು ನಾವು ವಾಪಸು ಕಳುಹಿಸಲಿಲ್ಲ. ಸರಿಯಾದ ಕಬ್ಬಿಣ ಹುಡುಕಿ, ತಿಳಿದವರನ್ನು ಕೇಳಿ, ಎರಡು ಸಲ ಎಡವಿ, ಕೊನೆಗೆ ಹಬ್ಬದ ದಿನ ಒಳ್ಳೆಯ ಊಟವನ್ನೇ ಕೊಟ್ಟೆವು. ಈಗ ಇನ್ನೂ ಕೆಲವು ಮನೆಗಳವರು ಇಂಥದ್ದನ್ನು ಮಾಡಿಸುವ ಯೋಚನೆಯಲ್ಲಿದ್ದಾರೆ. ಆದ್ದರಿಂದ ನಾವು ಕಲಿತದ್ದನ್ನು ಇಲ್ಲಿ ಬರೆದಿಡುತ್ತೇವೆ.

ಇದು ಎಂಥ ಒಲೆ?

ನಮ್ಮ ಒಲೆಯಲ್ಲಿ ಬೆಂಕಿ ಕೆಳಗೆ, ಪಾತ್ರೆ ಮೇಲೆ. ಈ ಸ್ಮೋಕರಿನಲ್ಲಿ ಬೆಂಕಿ ಒಂದು ಪಕ್ಕಕ್ಕೆ, ಮಾಂಸ ಇನ್ನೊಂದು ಪಕ್ಕಕ್ಕೆ. ಒಂದು ತುದಿಯಲ್ಲಿ ಕಟ್ಟಿಗೆ ಉರಿಯುವ ಚಿಕ್ಕ ಒಲೆಪೆಟ್ಟಿಗೆ, ನಡುವೆ ಮಾಂಸ ಇಡುವ ಉದ್ದದ ಕೋಣೆ, ಇನ್ನೊಂದು ತುದಿಯಲ್ಲಿ ಹೊಗೆ ಕೊಳವೆ. ಬಿಸಿ ಗಾಳಿ ಕೊಳವೆಯ ಮೂಲಕ ಮೇಲೇರುವಾಗ ಅದರ ಹಿಂದೆಯೇ ಒಲೆಯ ಬಿಸಿಯೂ ಹೊಗೆಯೂ ಮಾಂಸದ ಮೇಲೆ ಹಾದು ಬರುತ್ತವೆ. ಜ್ವಾಲೆ ಮಾಂಸವನ್ನು ಮುಟ್ಟುವುದಿಲ್ಲ. ಕರಗಿದ ಕೊಬ್ಬು ಕೆಂಡಕ್ಕೆ ಬೀಳುವುದಿಲ್ಲ.

ರಬ್ಬರ್ ಬೆಳೆಯುವವರಿಗೆ ಇದು ಹೊಸತಲ್ಲ. ಶೀಟು ಒಣಗಿಸುವ ಕೆಲವು ಹೊಗೆಗೂಡುಗಳಲ್ಲಿ ಒಲೆ ಹೊರಗಿದ್ದು, ಹೊಗೆ ಮಾತ್ರ ಒಳಗೆ ಹೋಗುತ್ತದಲ್ಲವೇ? ತತ್ವ ಅದೇ. ಹಾಗೆಂದು ರಬ್ಬರಿನ ಹೊಗೆಗೂಡಿನಲ್ಲೇ ಮಾಂಸ ತೂಗುಹಾಕುವ ಯೋಚನೆ ಬೇಡ.

ಎಲ್ಲಿಂದ ಬಂತು?

ನೆಲದಲ್ಲಿ ಗುಂಡಿ ತೋಡಿ ಕೆಂಡದ ಮೇಲೆ ಇಡೀ ಪ್ರಾಣಿಯನ್ನು ನಿಧಾನವಾಗಿ ಬೇಯಿಸುವ ಪದ್ಧತಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಬಹಳ ಹಳೆಯದು. ಆ ಕೆಲಸದ ಬೆವರೂ ಕೈಗುಣವೂ ಬಹುಪಾಲು ಗುಲಾಮರಾಗಿದ್ದ ಆಫ್ರಿಕನ್ ಮೂಲದವರದು. 19ನೇ ಶತಮಾನದಲ್ಲಿ ಜರ್ಮನಿಯಿಂದಲೂ ಬೊಹೀಮಿಯದ ಕಡೆಯಿಂದಲೂ ಮಧ್ಯ ಟೆಕ್ಸಸ್‌ಗೆ ಬಂದು ನೆಲೆಸಿದವರಲ್ಲಿ ಬೇಸಾಯಗಾರರೂ ಕಟುಕರೂ ಇದ್ದರು, ಕಥೋಲಿಕರೂ ಅನೇಕರಿದ್ದರು. ಆ ಕಟುಕರು ಮಾರಾಟವಾಗದೆ ಉಳಿದ ಮಾಂಸವನ್ನು ಅಂಗಡಿಯ ಹಿಂದೆ ಇಟ್ಟಿಗೆಯ ಗೂಡಿನಲ್ಲಿ ಹೊಗೆ ಹಾಕಿ ಮಾರುತ್ತಿದ್ದರು. ಲಾಕ್‌ಹಾರ್ಟ್ ಎಂಬ ಊರು ಇಂದಿಗೂ ಅದಕ್ಕೆ ಹೆಸರುವಾಸಿ. ಮುಂದೆ ತೈಲ ಬಾವಿಗಳ ನಾಡಾದ ಟೆಕ್ಸಸ್‌ನಲ್ಲಿ ದಪ್ಪ ಕಬ್ಬಿಣದ ಕೊಳವೆಯೂ ವೆಲ್ಡಿಂಗ್ ಬಲ್ಲ ಕೆಲಸಗಾರರೂ ಧಾರಾಳವಾಗಿದ್ದರು. ಇಟ್ಟಿಗೆಯ ಗೂಡು ಕಬ್ಬಿಣದ ಕೊಳವೆಯಾಗಿ ಮನೆಯ ಹಿತ್ತಲಿಗೆ ಬಂತು. ಕೈಗೆ ಸಿಕ್ಕ ವಸ್ತುವಿನಿಂದ ಬೇಸಾಯಗಾರರೂ ಕೂಲಿಗಳೂ ಮಾಡಿಕೊಂಡ ಒಲೆ ಇದು.

ಕಬ್ಬಿಣದ ಆಯ್ಕೆ

ಮೊದಲ ಪ್ರಶ್ನೆ, ಈ ಕಬ್ಬಿಣದಲ್ಲಿ ಹಿಂದೆ ಏನಿತ್ತು? ಕೀಟನಾಶಕ, ಬಣ್ಣ, ಥಿನ್ನರ್, ಆ್ಯಸಿಡ್, ಯಂತ್ರದ ಎಣ್ಣೆ ಇದ್ದ ಡ್ರಮ್ಮು ಬೇಡವೇ ಬೇಡ. ಏನಿತ್ತೆಂದು ತಿಳಿಯದಿದ್ದರೂ ಬೇಡ. ಬೇಗ ಹೊತ್ತಿಕೊಳ್ಳುವ ದ್ರವ ಇದ್ದ ಡ್ರಮ್ಮು ಖಾಲಿಯಾಗಿ ಕಂಡರೂ ಒಳಗೆ ಆವಿ ಉಳಿದಿರುತ್ತದೆ. ಕತ್ತರಿಸುವ ಕಿಡಿ ತಾಗಿದರೆ ಸಿಡಿಯುತ್ತದೆ. ಸತುವಿನ ಲೇಪ ಇರುವ ಜಿ.ಐ. ತಗಡು, ಜಿ.ಐ. ಪೈಪು, ಜಿ.ಐ. ಬಲೆಯನ್ನು ಒಲೆಯ ಕಡೆಗೆ ಬಳಸಬಾರದು. ಅತಿಯಾಗಿ ಕಾದ ಸತುವಿನ ಹೊಗೆ ಕುಡಿದರೆ ಚಳಿಜ್ವರ ಬಂದಂತಾಗುತ್ತದೆಂದು ವೆಲ್ಡಿಂಗ್ ಮಾಡುವವರೇ ಹೇಳುತ್ತಾರೆ.

ಖಾದ್ಯ ತೈಲದ ಡ್ರಮ್ಮು ಸಿಕ್ಕಿದರೆ ಆದೀತು. ಆದರೆ ಒಳಗಿನ ಲೇಪವನ್ನು ಬಯಲಿನಲ್ಲಿ ಜೋರು ಬೆಂಕಿ ಹಾಕಿ ಪೂರ್ತಿ ಸುಟ್ಟು, ಉಜ್ಜಿ ತೆಗೆಯಬೇಕು. ಡ್ರಮ್ಮಿನ ತಗಡು ತೆಳು. ಬೇಗ ಕಾಯುತ್ತದೆ, ಬೇಗ ಆರುತ್ತದೆ, ನಮ್ಮ ಮಳೆಗೆ ಬೇಗ ತುಕ್ಕು ಹಿಡಿಯುತ್ತದೆ. ವರ್ಷಕ್ಕೆ ಎರಡು ಸಲ ಬಳಸುವ ಮನೆಗೆ ಅದು ಸಾಕು. ಹಲವು ಮನೆಗಳು ಸೇರಿ ಮಾಡಿಸುವುದಾದರೆ 6 ಮಿಲಿಮೀಟರ್ ದಪ್ಪದ ಕಬ್ಬಿಣವೇ ಒಳ್ಳೆಯದು. ಅದು ಶಾಖವನ್ನು ಹಿಡಿದಿಡುತ್ತದೆ, ಕಟ್ಟಿಗೆಯೂ ಉಳಿಯುತ್ತದೆ. ನಾವು ಮಾಡಿಸಿದ್ದು ಸುಮಾರು 50 ಸೆಂಟಿಮೀಟರ್ ಅಗಲ, 120 ಸೆಂಟಿಮೀಟರ್ ಉದ್ದದ ಹೊಸ ತಗಡಿನ ಕೋಣೆ. ಒಲೆಪೆಟ್ಟಿಗೆ ಅದರ ಮೂರನೇ ಒಂದು ಪಾಲಿನಷ್ಟಿದೆ.

ಸಿದ್ಧ ಸ್ಮೋಕರ್ ಕೊಳ್ಳುವವರು ಮೂರು ಪರೀಕ್ಷೆ ಮಾಡಿರಿ. ಮುಚ್ಚಳ ಎತ್ತಿ ನೋಡಿರಿ. ಬಿಸ್ಕತ್ತು ಡಬ್ಬಿಯಂತೆ ಹಗುರವಾಗಿದ್ದರೆ ಬಹಳ ದಿನ ಬಾಳದು. ಕತ್ತಲಲ್ಲಿ ಒಳಗೆ ಟಾರ್ಚು ಹೊತ್ತಿಸಿಟ್ಟು ಮುಚ್ಚಳ ಹಾಕಿರಿ. ಬೆಳಕು ಸೋರುವಲ್ಲೆಲ್ಲ ಹೊಗೆಯೂ ಬಿಸಿಯೂ ಸೋರುತ್ತವೆ. ಒಲೆಪೆಟ್ಟಿಗೆಯೊಳಗೆ ಬೆಂಕಿ ಕೂರುವ ಜಾಲರಿ ನೆಲದಿಂದ ನಾಲ್ಕು ಬೆರಳಾದರೂ ಎತ್ತರದಲ್ಲಿದೆಯೇ ನೋಡಿರಿ. ಬೂದಿ ಕೆಳಗೆ ಬಿದ್ದು ಗಾಳಿ ಆಡದಿದ್ದರೆ ಬೆಂಕಿ ಉಸಿರು ಕಟ್ಟಿ ಸಾಯುತ್ತದೆ.

ಒಳಗೆ ಬಣ್ಣ ಬಳಿಯಬೇಡಿ. ಹೊಸ ದೋಸೆ ಕಾವಲಿಯನ್ನು ಪಳಗಿಸುವಂತೆ, ಒಳಮೈಗೆ ತೆಳುವಾಗಿ ಅಡುಗೆ ಎಣ್ಣೆ ಹಚ್ಚಿ, ಮಾಂಸ ಇಡದೆ ಎರಡು ಮೂರು ಗಂಟೆ ಬೆಂಕಿ ಹಾಕಿರಿ.

ಕಟ್ಟಿಗೆ

ಮಧ್ಯ ಟೆಕ್ಸಸ್‌ನವರು ಬಳಸುವುದು ಅವರಲ್ಲಿ ಧಾರಾಳವಾಗಿ ಸಿಗುವ ಓಕ್ ಮರ. ನಾವು ಬಳಸಿದ್ದು ಹಿತ್ತಲಿನ ಪೇರಳೆ ಮತ್ತು ಹುಣಸೆ. ಪೇರಳೆಯ ಹೊಗೆಗೆ ಸವಿಯಾದ ಪರಿಮಳವಿದೆ. ಹುಣಸೆ ಗಟ್ಟಿ ಕೆಂಡ ಕೊಡುತ್ತದೆ.

ಬೇಡದ ಮರಗಳ ಪಟ್ಟಿಯನ್ನು ಮನೆಯ ಮಕ್ಕಳಿಗೂ ಹೇಳಿಕೊಡಿ. ಕಾಸರಗೋಡಿಗೆ ಹೆಸರು ಬಂದದ್ದು ಅದರಿಂದಲೇ ಎಂದು ಕೆಲವರು ಹೇಳುವ ಕಾಸರಕ ಮರ ವಿಷ. ಕಣಗಿಲೆ ವಿಷ. ಮುಟ್ಟಿದರೇ ಮೈ ಊದಿಸುವ ಚೇರೆ ಮರದ ಹೊಗೆ ಕಣ್ಣು, ಗಂಟಲು, ಶ್ವಾಸಕೋಶವನ್ನು ಸುಟ್ಟೀತು. ಅದೇ ಜಾತಿಗೆ ಸೇರಿದ ಗೇರು, ಮಾವುಗಳನ್ನೂ ಈ ಕೆಲಸಕ್ಕೆ ತರದಿರುವುದೇ ಕ್ಷೇಮ. ಹಳೆ ಬಾಗಿಲು, ಪ್ಲೈವುಡ್, ಬಣ್ಣ ಬಳಿದ ರೀಪು, ಔಷಧಿಯಲ್ಲಿ ಅದ್ದಿದ ರಬ್ಬರ್ ಮರ ಇವು ಯಾವುವೂ ಬೇಡ. ಮೈಲುತುತ್ತಿನ ದ್ರಾವಣ ಸಿಂಪಡಿಸಿದ ಅಡಿಕೆ ಮರದ ಸಿಪ್ಪೆ, ಹಾಳೆಗಳನ್ನೂ ಈ ಬೆಂಕಿಗೆ ಹಾಕಬೇಡಿ.

ಕಟ್ಟಿಗೆ ಒಣಗಿರಬೇಕು. ಹಸಿ ಕಟ್ಟಿಗೆಯಿಂದ ಹೆಚ್ಚು ಹೊಗೆ ಬರುತ್ತದೆ, ಆದ್ದರಿಂದ ಹೆಚ್ಚು ರುಚಿ ಎಂದು ನಾವೂ ಮೊದಲು ತಿಳಿದಿದ್ದೆವು. ಅದೇ ನಮ್ಮ ಮೊದಲ ಎಡವಟ್ಟು. ಆ ದಿನದ ಕೋಳಿಯ ಮೇಲೆ ಕಪ್ಪು ಅಂಟು ಕೂತು, ತಿಂದರೆ ಬಾಯೆಲ್ಲ ಕಹಿಯಾಗಿತ್ತು. ನಾಯಿಯೂ ಮೂಸಿ ಬಿಟ್ಟಿತು. ಸೀಳಿದ ಕಟ್ಟಿಗೆಯನ್ನು ನೆಲಕ್ಕೆ ತಾಗದಂತೆ ಪೇರಿಸಿ, ಮೇಲೆ ಮಾತ್ರ ಮುಚ್ಚಿ, ಆರು ತಿಂಗಳಿಂದ ಒಂದು ವರ್ಷ ಒಣಗಿಸಬೇಕು. ಒಣಗಿದ ತುಂಡಿನ ತುದಿ ಬಿರುಕು ಬಿಟ್ಟಿರುತ್ತದೆ. ಎರಡು ತುಂಡುಗಳನ್ನು ಬಡಿದರೆ ಟಣ್ ಎನ್ನುತ್ತದೆ, ಹಸಿಯಾದರೆ ದಬ್ ಎನ್ನುತ್ತದೆ. ಮುಂಗೈಯಷ್ಟು ದಪ್ಪ, ಒಂದು ಅಡಿ ಉದ್ದ ಸಾಕು.

ಬೆಂಕಿಯ ಹದ

ಸೀಮೆಎಣ್ಣೆಯಾಗಲಿ ಪ್ಲಾಸ್ಟಿಕ್ ಆಗಲಿ ಬೇಡ. ಗೆರಟೆ ಮಸಿಯಿಂದ ಕೆಂಡದ ಹಾಸು ಮಾಡಿಕೊಂಡು, ಅದರ ಮೇಲೆ ಎರಡು ತುಂಡು ಕಟ್ಟಿಗೆ ಇಡಿ. ಹೊಗೆ ಕೊಳವೆ ಪೂರ್ತಿ ತೆರೆದಿರಲಿ, ಒಲೆಪೆಟ್ಟಿಗೆಯ ಬಾಗಿಲು ಸ್ವಲ್ಪ ತೆರೆದಿರಲಿ. ಮೊದಲು ದಟ್ಟವಾದ ಬಿಳಿ ಹೊಗೆ ಬರುತ್ತದೆ. ಮುಕ್ಕಾಲು ಗಂಟೆಯಲ್ಲಿ ಅದು ತೆಳುವಾಗಿ, ಕಂಡೂ ಕಾಣದ ನಸುನೀಲಿ ಬಣ್ಣಕ್ಕೆ ತಿರುಗುತ್ತದೆ. ಮಾಂಸ ಇಡುವ ಹೊತ್ತು ಅದು, ಅದಕ್ಕೆ ಮೊದಲಲ್ಲ.

ಕೋಣೆಯ ಶಾಖ 110ರಿಂದ 130 ಡಿಗ್ರಿ ಸೆಲ್ಸಿಯಸ್ ಇರಬೇಕು. ಮುಚ್ಚಳದ ಮೇಲಿನ ಮಾಪಕವನ್ನು ನಂಬಬೇಡಿ. ಮಾಂಸ ಇರುವ ಜಾಲರಿಯ ಮಟ್ಟದಲ್ಲೇ ಥರ್ಮಾಮೀಟರ್ ಇಡಿ. ಶಾಖ ಹೆಚ್ಚಾಯಿತೆಂದು ಗಾಳಿಯ ದಾರಿಯನ್ನು ಪೂರ್ತಿ ಮುಚ್ಚಿದರೆ ಬೆಂಕಿ ಹೊಗೆಯಾಡಿ ಮತ್ತೆ ಕಹಿ ಬರುತ್ತದೆ. ಬೆಂಕಿಯನ್ನು ಕಟ್ಟಿಹಾಕಬೇಡಿ, ಚಿಕ್ಕದಾಗಿ ಇಡಿ. ಅರ್ಧದಿಂದ ಮುಕ್ಕಾಲು ಗಂಟೆಗೊಮ್ಮೆ ಒಂದೇ ತುಂಡು ಹಾಕಿರಿ. ಮುಂದೆ ಹಾಕುವ ತುಂಡನ್ನು ಒಲೆಪೆಟ್ಟಿಗೆಯ ಮೇಲೆಯೇ ಕಾಯಲು ಇಟ್ಟರೆ ಹಾಕಿದ ಕೂಡಲೇ ಹೊತ್ತಿಕೊಳ್ಳುತ್ತದೆ. ಮುಚ್ಚಳವನ್ನು ಗಳಿಗೆಗೊಮ್ಮೆ ತೆರೆದು ನೋಡಬೇಡಿ.

ಮೊದಲ ಸಲ ಕೋಳಿಯಿಂದ ಆರಂಭಿಸಿರಿ. ಎರಡಾಗಿ ಸೀಳಿದ ಕೋಳಿ ಎರಡು ಮೂರು ಗಂಟೆಯಲ್ಲಿ ಬೇಯುತ್ತದೆ. ಹಂದಿಯ ಮುಂಗಾಲಿನ ಭುಜದ 3-4 ಕಿಲೋ ತುಂಡಿಗೆ 8ರಿಂದ 10 ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ನಡುವೆ ಒಂದು ಹಂತದಲ್ಲಿ, ಮಾಂಸದ ಒಳಶಾಖ 65-75 ಡಿಗ್ರಿಗೆ ಬಂದಾಗ, ಗಂಟೆಗಟ್ಟಲೆ ಮೇಲೇರುವುದೇ ಇಲ್ಲ. ಗಾಬರಿಯಾಗಿ ಬೆಂಕಿ ಜೋರು ಮಾಡಬೇಡಿ. ತೋಟದಲ್ಲಿ ದುಡಿಯುವವನ ಮೈ ಬೆವರಿ ತಣ್ಣಗಾಗುವಂತೆ ಮಾಂಸವೂ ನೀರು ಬಿಟ್ಟು ತನ್ನನ್ನು ತಣಿಸಿಕೊಳ್ಳುತ್ತದೆ. ಅವಸರವಿದ್ದರೆ ಬಾಡಿಸಿದ ಬಾಳೆಲೆಯಲ್ಲಿ ಸುತ್ತಿ ಮತ್ತೆ ಇಡಿ.

ಬೆಂದಿದೆಯೇ?

ಹೊರಗಿನ ಬಣ್ಣ ನೋಡಿ ನಿರ್ಧರಿಸಬೇಡಿ. ಹೊಗೆ ಹಿಡಿದ ಮಾಂಸ ಒಳಗೆ ಹಸಿಯಿದ್ದರೂ ಹೊರಗೆ ಕೆಂಪು ಕಪ್ಪಾಗಿರುತ್ತದೆ, ಪೂರ್ತಿ ಬೆಂದಿದ್ದರೂ ಕೆಲವೊಮ್ಮೆ ಒಳಗೆ ಗುಲಾಬಿ ಬಣ್ಣ ಉಳಿಯುತ್ತದೆ. ಮಾಂಸಕ್ಕೆ ಚುಚ್ಚುವ ಥರ್ಮಾಮೀಟರ್ ಕೊಳ್ಳಲೇಬೇಕು. ಕೋಳಿಯ ಅತಿ ದಪ್ಪದ ಭಾಗ, ಎಲುಬಿಗೆ ತಾಗದಂತೆ, 74 ಡಿಗ್ರಿ ಮುಟ್ಟಬೇಕು. ಹಂದಿಯ ಭುಜದ ಭಾಗ ಎಳೆ ಎಳೆಯಾಗಿ ಬಿಡಬೇಕಾದರೆ 90-95 ಡಿಗ್ರಿ ಬೇಕು.

ಸರಿಯಾಗಿ ಬೇಯದ ಹಂದಿಮಾಂಸದಿಂದ ಲಾಡಿಹುಳು ಹೊಟ್ಟೆ ಸೇರುತ್ತದೆ. ಅಂಥವರ ಮಲದಲ್ಲಿ ಹೊರಬರುವ ಮೊಟ್ಟೆಗಳು ಕೊಳೆ ಕೈ, ನೀರು, ತರಕಾರಿಯ ಮೂಲಕ ಇನ್ನೊಬ್ಬರ ದೇಹ ಸೇರಿ ಮಿದುಳಿನಲ್ಲಿ ಗೂಡು ಕಟ್ಟಿದರೆ ಫಿಟ್ಸ್ ಬರಬಹುದು. ಆದ್ದರಿಂದ ಚೆನ್ನಾಗಿ ಬೇಯಿಸುವುದೂ ಕೈ ತೊಳೆಯುವುದೂ ಬಯಲಿನಲ್ಲಿ ಹಂದಿಗಳನ್ನು ಅಲೆಯಲು ಬಿಡದಿರುವುದೂ ಒಂದೇ ಎಚ್ಚರದ ಮೂರು ಭಾಗಗಳು.

ಇನ್ನೊಂದು ತಪ್ಪು ತಿಳಿವಳಿಕೆ ಇದೆ. ಅಜ್ಜಿಯ ಕಾಲದಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಉಪ್ಪು ಸವರಿದ ಮಾಂಸ ತಿಂಗಳುಗಟ್ಟಲೆ ಇರುತ್ತಿತ್ತು, ಇದೂ ಹಾಗೆಯೇ ಎಂದು ಕೆಲವರು ಹೇಳಿದರು. ಹಾಗಲ್ಲ. ಅದು ಉಪ್ಪಿನಿಂದ ನೀರು ಹೀರಿಸಿ ಒಣಗಿಸಿದ ಮಾಂಸ. ಇದು ನೀರಿನಂಶ ಉಳಿದಿರುವ ಬೆಂದ ಮಾಂಸ, ಪದಾರ್ಥದಂತೆಯೇ ಕೆಡುತ್ತದೆ. ಬಡಿಸಿದ ಮೇಲೆ ಎರಡು ಗಂಟೆಯೊಳಗೆ, ನಮ್ಮ ಸೆಕೆಯಲ್ಲಿ ಒಂದು ಗಂಟೆಯೊಳಗೆ, ಉಳಿದದ್ದನ್ನು ಫ್ರಿಜ್ಜಿಗೆ ಸೇರಿಸಿರಿ. ಕಡಿಮೆ ಶಾಖದಲ್ಲಿ ಬರೀ ಹೊಗೆ ಹಾಕಿ ಮಾಂಸ ಇಡುವ ಪ್ರಯೋಗವನ್ನು ಮನೆಯಲ್ಲಿ ಮಾಡಲೇಬೇಡಿ.

ಉಳಿದ ಚೂರು, ಎಲುಬು, ತೊಳೆದ ನೀರನ್ನು ಹಂದಿಗಳಿಗೆ ಹಾಕಬೇಡಿ. 2020ರಲ್ಲಿ ದೇಶದ ಈಶಾನ್ಯಕ್ಕೆ ಬಂದ ಆಫ್ರಿಕನ್ ಹಂದಿಜ್ವರ 2022ರ ಜುಲೈಯಲ್ಲಿ ವಯನಾಡಿಗೆ ತಲುಪಿತು. ಇದು ಮನುಷ್ಯರಿಗೆ ಬರುವುದಿಲ್ಲ. ಆದರೆ ಹಂದಿಗಳಿಗೆ ಬಂದರೆ ಇಡೀ ಗೂಡು ಖಾಲಿ, ಇದಕ್ಕೆ ಔಷಧಿಯಿಲ್ಲ. ಅರೆಬೆಂದ, ಹೊಗೆ ಹಾಕಿದ ಹಂದಿಮಾಂಸದಲ್ಲಿ ಈ ರೋಗಾಣು ಬಹಳ ದಿನ ಬದುಕಬಲ್ಲದು. ಹಬ್ಬದ ಎಂಜಲಿನಿಂದ ನೆರೆಯವರ ಬದುಕು ಹಾಳಾಗಬಾರದು.

ಉಸಿರಿನ ಮಾತು

ನಮ್ಮ ಎರಡನೇ ಎಡವಟ್ಟು ಜೀವಕ್ಕೇ ಬರುವಂಥದ್ದಾಗಿತ್ತು. ಪ್ರಯೋಗದ ಒಂದು ಸಂಜೆ ಹಿಂಗಾರು ಮಳೆ ಹೊಡೆಯಿತು. ಸ್ಮೋಕರನ್ನು ಜೀಪಿನ ಶೆಡ್ಡಿಗೆ ತಳ್ಳಿ, ಇರಚಲು ಬಾರದಂತೆ ಮೂರು ಕಡೆ ಟರ್ಪಾಲು ಕಟ್ಟಿದೆವು. ಒಂದು ಗಂಟೆಯಲ್ಲಿ ನಮಗೆ ತಲೆನೋವು, ಓಕರಿಕೆ. ಹುಡುಗ ಎದ್ದು ನಿಂತವನು ತೂರಾಡಿದ. ನರ್ಸ್ ಆಗಿರುವ ಸಿಸ್ಟರೊಬ್ಬರು ಅದೇ ಹೊತ್ತಿಗೆ ಬಂದು, ಬೈದು, ಇಬ್ಬರನ್ನೂ ಮಳೆಗೇ ಎಳೆದು ನಿಲ್ಲಿಸಿ ಆಸ್ಪತ್ರೆಗೆ ಕರೆದೊಯ್ದರು. ಕಟ್ಟಿಗೆ, ಮಸಿ ಉರಿಯುವಾಗ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಜಾಗದಲ್ಲಿ ಅದು ನಿದ್ದೆ ಬರಿಸಿದಂತೆ ಕೊಲ್ಲುತ್ತದೆ. ಈ ಒಲೆ ಬಯಲಿನಲ್ಲೇ ಇರಲಿ, ಮನೆಯಿಂದ, ಹುಲ್ಲಿನ ಮೆದೆಯಿಂದ ದೂರವಿರಲಿ. ಮಳೆ ಬಂದರೆ ಅಡುಗೆ ನಿಲ್ಲಲಿ. ಪಕ್ಕದ ಮನೆಯಲ್ಲಿ ಉಬ್ಬಸದವರಿದ್ದರೆ ಗಾಳಿಯ ದಿಕ್ಕು ನೋಡಿ ಇಡಿ.

ಎಷ್ಟು ಸಲ ತಿನ್ನಬಹುದು ಎಂದು ಕೇಳಿದವರಿದ್ದಾರೆ. ಉಪ್ಪು, ಹೊಗೆ ಮುಂತಾದವುಗಳಿಂದ ಸಂಸ್ಕರಿಸಿದ ಮಾಂಸ ಕ್ಯಾನ್ಸರಿಗೆ ಕಾರಣವಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರ ಅಕ್ಟೋಬರಿನಲ್ಲಿ ಪ್ರಕಟಿಸಿತು. ದಿನಕ್ಕೆ 50 ಗ್ರಾಮಿನಂತೆ ಪ್ರತಿದಿನ ತಿನ್ನುವವರಲ್ಲಿ ದೊಡ್ಡ ಕರುಳಿನ ಕ್ಯಾನ್ಸರಿನ ಅಪಾಯ ಸುಮಾರು 18 ಶೇಕಡಾ ಹೆಚ್ಚುತ್ತದೆಂಬುದು ಅದರ ಅಂದಾಜು. ಹಬ್ಬಕ್ಕೊಮ್ಮೆ, ಮದುವೆಗೊಮ್ಮೆ ತಿಂದರೆ ಹೆದರಬೇಕಾಗಿಲ್ಲ. ವಾರವಾರದ ಅಭ್ಯಾಸವಾಗುವುದು ಬೇಡ. ಕರಿದ ಕಪ್ಪು ಅಂಚನ್ನು ಕತ್ತರಿಸಿ ಬಿಡಿ.

ಕೊನೆಯದಾಗಿ

ಹಬ್ಬದ ಮುನ್ನಾ ರಾತ್ರಿ ಬಯಲಿನಲ್ಲಿ ಬೆಂಕಿ ಕಾಯುತ್ತ ಕೂತಿದ್ದಾಗ ಆ ಹಿರಿಯರೂ ನಮ್ಮೊಡನೆ ಬೆಳಗಿನವರೆಗೆ ಇದ್ದರು. ಒಣಗಿದ ಪೇರಳೆಯ ತುಂಡು ಅವರದೇ ಹಿತ್ತಲಿನದು. ಕೊಳವೆಯಿಂದ ಹೊರಡುವ ತೆಳು ಹೊಗೆಯನ್ನು ನೋಡಿ ಅವರು ಹೇಳಿದರು: "ಫಾದರ್, ನಮ್ಮ ಮನೆಯ ಅಡುಗೆ ಕೋಣೆಯ ಹೊಗೆ ಒಂದು ದಿನವೂ ಇಷ್ಟು ತೆಳುವಾಗಿ ಇರಲಿಲ್ಲ. ಅವಳು ನಲ್ವತ್ತು ವರ್ಷ ಅದರಲ್ಲೇ ಕೆಮ್ಮಿದಳು." ಅವರ ಪತ್ನಿ ತೀರಿಹೋಗಿ ಎರಡು ವರ್ಷವಾಗಿತ್ತು.

ಆ ರಾತ್ರಿಯಿಂದ ನಮಗೆ ಇದೊಂದು ಲೆಕ್ಕ ಬಿಡಿಸಲಾಗಿಲ್ಲ. ವರ್ಷಕ್ಕೊಮ್ಮೆ ಉರಿಸುವ ಒಲೆಗೆ ನಾವು ಕಟ್ಟಿಗೆ ಒಣಗಿಸುತ್ತೇವೆ, ಕೊಳವೆ ಕೂರಿಸುತ್ತೇವೆ, ಹೊಗೆಯ ಬಣ್ಣ ನೋಡುತ್ತೇವೆ. ದಿನಕ್ಕೆ ಮೂರು ಹೊತ್ತು ನಮ್ಮ ಮನೆಯ ಹೆಂಗಸರು ಊದುವ ಒಲೆಗೆ ಹಸಿ ಸೋಗೆ, ಒದ್ದೆ ಮಡಲು ಸಾಕೆನ್ನುತ್ತೇವೆ. ಬಚ್ಚಲೊಲೆಗೆ ಪ್ಲಾಸ್ಟಿಕ್ ತೊಟ್ಟೆ ತುರುಕಿ ಬೆಂಕಿ ಮಾಡುತ್ತೇವೆ. ಮನೆಯೊಳಗಿನ ಇಂಥ ಹೊಗೆಯಿಂದ 2020ರಲ್ಲಿ ಲೋಕದಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ.

ಸ್ಮೋಕರ್ ಮಾಡಿಸುವವರು ಮಾಡಿಸಿರಿ, ನಮ್ಮದನ್ನು ಬಂದು ನೋಡಿರಿ, ಅಳತೆ ತೆಗೆದುಕೊಳ್ಳಿರಿ. ಆದರೆ ಅದಕ್ಕೆ ವೆಲ್ಡಿಂಗಿನವರನ್ನು ಕರೆಯುವ ಮೊದಲು ನಿಮ್ಮ ಅಡುಗೆ ಕೋಣೆಗೂ ಬಚ್ಚಲಿಗೂ ಒಮ್ಮೆ ಹೋಗಿ, ತಲೆಯೆತ್ತಿ ಮಾಡನ್ನು ನೋಡಿರಿ. ಮಸಿ ಹಿಡಿದಿದ್ದರೆ ಮೊದಲ ಕೊಳವೆ ಅಲ್ಲಿಗೆ. ಒಣಗಿಸಿದ ಕಟ್ಟಿಗೆಯ ಮೊದಲ ಹೊರೆಯೂ ಅಲ್ಲಿಗೆ.